ಅಜ್ಜನ ಹೊಟ್ಟೆಯೊಳಗಿನ ಗಂಟು: ನಾಗರವೋ, ಕೇರೆಯೋ?

ಮೊದಲು ಕಂಡವಳು ಮೊಮ್ಮಗಳು. ಹುಬ್ಬಳ್ಳಿಯ ಕೇಶ್ವಾಪುರದಲ್ಲಿರುವ ನಮ್ಮ ಸೋದರಮಾವನ ಮನೆಯ ಪಡಸಾಲೆಯಲ್ಲಿ ಸಂಜೆ ಚೌಕಾಬಾರಾ ಆಟ ನಡೆದಿತ್ತು. ಕವಡೆ ಹಾಕಲು ಬಗ್ಗಿದ ಅಜ್ಜನ ಮುಖದ ಮೇಲೆ ಕಿಟಕಿಯ ಬಿಸಿಲು ಬಿತ್ತು. ಆರನೆಯ ಇಯತ್ತೆ ಓದುವ ಹುಡುಗಿ ಆಟ ಬಿಟ್ಟು ದಿಟ್ಟಿಸಿ ನೋಡಿದಳು.

“ಅಜ್ಜಾ, ನಿನ್ನ ಕಣ್ಣು ಯಾಕ ಹಳದಿ ಆಗ್ಯಾವ? ಅರಿಷಿಣ ಹಚ್ಚಿದಂಗ ಕಾಣ್ತಾವ.”

“ಹಣ್ಣೆಲಿ ಅಂದಮ್ಯಾಲ ಹಳದಿ ಆಗೂದ ನೋಡವಾ. ನೀ ಕವಡಿ ಹಾಕು” ಎಂದು ಅಜ್ಜ ನಕ್ಕರು.

ಅಡುಗೆ ಮನೆಯಿಂದ ಬಂದ ಅತ್ತಿ ನಗಲಿಲ್ಲ. ಗಂಡನ ಕೆಳರೆಪ್ಪೆ ಜಗ್ಗಿ ನೋಡಿ, “ಕಾಮಣಿ ಆಗೇದ” ಎಂದರು. ಆಗ ಒಂದೊಂದೇ ಮಾತು ಹೊರಬಿತ್ತು. ಹದಿನೈದು ದಿನದಿಂದ ಮೈಯೆಲ್ಲ ತುರಿಕೆ. ಮೂತ್ರ ಕಡುಚಹದ ಬಣ್ಣ. ಮಲ ಮಾತ್ರ ಸುಣ್ಣದಂತೆ ಬಿಳಚು. ಹೊಟ್ಟೆನೋವಿಲ್ಲ, ಜ್ವರವಿಲ್ಲ. ನೋವಿಲ್ಲದ ಮೇಲೆ ಯಾರಿಗೇಕೆ ಹೇಳಬೇಕು ಎಂದು ಮಾವ ಸುಮ್ಮನಿದ್ದರಂತೆ. ನಮ್ಮ ಕಡೆಯ ಹಿರಿಯರ ಅಭ್ಯಾಸವೇ ಇದು.

ಕಾಮಣಿ ಎಂದ ಕೂಡಲೇ ಓಣಿಯಲ್ಲಿ ಸಲಹೆಗಳ ಮಳೆ. ಒಬ್ಬರು ಯಾವುದೋ ಹಳ್ಳಿಯ ಸೊಪ್ಪಿನ ರಸ ಎಂದರು, ಇನ್ನೊಬ್ಬರು ಬರೆ ಹಾಕಿಸಿ ಎಂದರು. ಇದಕ್ಕೊಂದು ಕಾರಣವಿದೆ. ಕಲುಷಿತ ನೀರು, ಆಹಾರದಿಂದ ಬರುವ ಕಾಮಾಲೆ ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಆ ಹೊತ್ತಿನಲ್ಲಿ ಯಾವ ರಸ ಕುಡಿದಿದ್ದರೂ ಹೆಸರು ಅದಕ್ಕೇ ಬರುತ್ತದೆ. ಆದರೆ ಮಲ ಬಿಳಚಿ, ಮೈ ತುರಿಸಿ ಬರುವ ಕಾಮಾಲೆಯ ಜಾತಿಯೇ ಬೇರೆ. ಒಳಗೆ ಎಲ್ಲೋ ದಾರಿ ಕಟ್ಟಿದೆ ಎಂಬುದರ ಗುರುತು ಅದು. ಯಾವ ಸೊಪ್ಪಿನ ರಸವೂ ಆ ದಾರಿ ಬಿಡಿಸುವುದಿಲ್ಲ.

ಯಾವ ದಾರಿ? ಮಕ್ಕಳೇ, ನೀವು ಧಾರವಾಡದ ಪೇಡೆ ತಿಂದವರೇ ತಾನೆ? ಪೇಡೆಯಲ್ಲಿ ಹಾಲಿನ ಕೊಬ್ಬು ಇರುತ್ತದೆ. ತುಪ್ಪದ ಡಬ್ಬಿಯನ್ನು ಬರೀ ನೀರಿನಿಂದ ತೊಳೆದು ನೋಡಿ, ಜಿಡ್ಡು ಹೋಗುವುದಿಲ್ಲ, ಸೋಪು ಬೇಕು. ಹೊಟ್ಟೆಯೊಳಗೆ ಆ ಸೋಪಿನ ಕೆಲಸ ಮಾಡುವುದು ಪಿತ್ತರಸ. ಅದನ್ನು ತಯಾರಿಸುವುದು ಬಲಪಕ್ಕೆಯ ಕೆಳಗೆ ಕೂತಿರುವ ಯಕೃತ್ತು, ಅಂದರೆ ಲಿವರ್. ದಿನಕ್ಕೆ ಅರ್ಧ ಲೀಟರಿನಿಂದ ಒಂದು ಲೀಟರಿನವರೆಗೆ ತಯಾರಾಗುತ್ತದೆ. ಯಕೃತ್ತಿನ ಎಡ, ಬಲ ಭಾಗಗಳಿಂದ ಎರಡು ಸಣ್ಣ ಕೊಳವೆಗಳು ಹೊರಟು, ಎರಡು ಹಳ್ಳ ಕೂಡಿ ಒಂದು ಹೊಳೆಯಾದ ಹಾಗೆ ಒಂದಾಗಿ ಕರುಳಿಗೆ ಇಳಿಯುತ್ತವೆ. ಇದೇ ಪಿತ್ತನಾಳ. ನಡುದಾರಿಯಲ್ಲಿ ಒಂದು ಪುಟ್ಟ ಚೀಲ ಜೋತುಬಿದ್ದಿರುತ್ತದೆ. ಅದು ಪಿತ್ತಕೋಶ. ನೀವು ಪೇಡೆ ತಿಂದಾಗ ಆ ಚೀಲ ಹಿಂಡಿಕೊಂಡು, ಕೂಡಿಟ್ಟ ಪಿತ್ತರಸವನ್ನು ಕೆಳಗೆ ಬಿಡುತ್ತದೆ. ನಾಳದ ಅಗಲ ಎಷ್ಟು ಗೊತ್ತೇ? ಸುಮಾರು 6 ಮಿಲಿಮೀಟರ್. ನಿಮ್ಮ ಪೆನ್ಸಿಲ್‌ಗಿಂತ ಒಂದು ಕೂದಲು ಸಣ್ಣ.

ಇನ್ನು ಹಳದಿ ಬಣ್ಣದ ವಿಷಯ. ರಕ್ತದ ಕೆಂಪು ಕಣಗಳ ಆಯುಷ್ಯ ಸುಮಾರು 120 ದಿನ. ಹಳೆಯ ಕಣಗಳು ಒಡೆದಾಗ ಬಿಲಿರುಬಿನ್ ಎಂಬ ಹಳದಿ ವಸ್ತು ಉಳಿಯುತ್ತದೆ. ಯಕೃತ್ತು ಅದನ್ನು ಪಿತ್ತರಸದ ಜೊತೆ ಕರುಳಿಗೆ ಸಾಗಹಾಕುತ್ತದೆ. ಮಲಕ್ಕೆ ಕಂದು ಬಣ್ಣ ಬರುವುದು ಇದರಿಂದಲೇ. ನಾಳ ಕಟ್ಟಿದರೆ ಹಳದಿ ಹಿಂದಕ್ಕೆ ನುಗ್ಗಿ ರಕ್ತ ಸೇರುತ್ತದೆ. ಕಣ್ಣು ಹಳದಿ, ಮೂತ್ರ ಗಾಢ, ಮಲ ಬಿಳಚು. ರಕ್ತದಲ್ಲಿ ಬಿಲಿರುಬಿನ್ ಸಾಮಾನ್ಯವಾಗಿ 1ರ ಆಸುಪಾಸು ಇರಬೇಕು. ಮಾವನಿಗೆ 11 ಇತ್ತು.

ಮಾವ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪ್‌ನಲ್ಲಿ ಫಿಟ್ಟರ್ ಆಗಿ ನಿವೃತ್ತರಾದವರು. ಪೈಪು, ವಾಲ್ವ್‌ಗಳ ನಡುವೆಯೇ ಮೂವತ್ತು ವರ್ಷ ಕಳೆದ ಮನುಷ್ಯ. ಡಾಕ್ಟರು ಕಾಗದದ ಮೇಲೆ ಪಿತ್ತನಾಳದ ಚಿತ್ರ ಬರೆದು ತೋರಿಸುತ್ತಿದ್ದಂತೆಯೇ ಮಾವ ನಡುವೆ ಬಾಯಿ ಹಾಕಿದರು: “ತಿಳೀತ್ ಬಿಡ್ರಿ ಸಾಹೇಬ್ರ. ಪೈಪ್ ಕಟ್ಟಾಕ ಮೂರ ಕಾರಣ. ಒಳಗ ಏನರ ಸಿಕ್ಕಿರಬೇಕು, ಇಲ್ಲಾ ಹೊರಗಿಂದ ಏನರ ಒತ್ತಿರಬೇಕು, ಇಲ್ಲಾ ಪೈಪಿನ ಗ್ವಾಡೀನ ದಪ್ಪ ಆಗಿರಬೇಕು.”

ಡಾಕ್ಟರು ಪೆನ್ನು ಕೆಳಗಿಟ್ಟು, “ನಮಗ ಕಾಲೇಜಿನ್ಯಾಗ ಹೇಳಿಕೊಟ್ಟಿದ್ದೂ ಇದ ನೋಡ್ರಿ” ಎಂದರು.

ಸ್ಕ್ಯಾನ್ ಆಯಿತು. ಒಳಗೆ ಕಲ್ಲು ಸಿಗಲಿಲ್ಲ. ಎರಡು ಕವಲು ಕೂಡುವ ಜಾಗದಲ್ಲೇ ನಾಳದ ಗೋಡೆ ದಪ್ಪಗಾಗಿ, ಗಂಟಿನಂತೆ ಕಾಣುತ್ತಿತ್ತು. ವರದಿಯ ಕೊನೆಯ ಸಾಲಿನಲ್ಲಿ ಕ್ಯಾನ್ಸರ್ ಇರಬಹುದೆಂಬ ಸಂಶಯ ಬರೆದಿದ್ದರು. ಆ ಜಾಗದಲ್ಲಿ ಬರುವ ಕ್ಯಾನ್ಸರನ್ನು 1965ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಜೆರಾಲ್ಡ್ ಕ್ಲಾಟ್ಸ್‌ಕಿನ್ ಎಂಬ ವೈದ್ಯ ವಿವರವಾಗಿ ಬರೆದರು. ಅಂದಿನಿಂದ ಅದಕ್ಕೆ ಅವರದೇ ಹೆಸರು. ಕಠಿಣವಾದ ಕಾಯಿಲೆ. ಆಪರೇಷನ್ ಎಂದರೆ ಯಕೃತ್ತಿನ ದೊಡ್ಡ ಭಾಗವನ್ನೇ ನಾಳದ ಜೊತೆ ತೆಗೆಯಬೇಕಾಗುತ್ತದೆ.

ಆ ದಿನದಿಂದ ಮನೆಯಲ್ಲಿ ಪಿಸುಮಾತು ಶುರುವಾಯಿತು. ಮಾವನ ಮಗ ಫೈಲನ್ನು ಅಲಮಾರಿಯ ಮೇಲಿನ ಖಾನೆಯಲ್ಲಿ ಸೀರೆಗಳ ಕೆಳಗೆ ಇಟ್ಟ. ಫೋನ್ ಬಂದರೆ ಎಲ್ಲರೂ ಹಿತ್ತಲಿಗೆ ಹೋಗಿ ಮಾತಾಡುತ್ತಿದ್ದರು. ನಾನೂ ಇದರಲ್ಲಿ ಪಾಲುದಾರನೇ. “ಏನಿಲ್ಲ ಮಾವ, ಸ್ವಲ್ಪ ನಂಜು ಆಗೇದಂತ” ಎಂದು ಹೇಳಿಬಿಟ್ಟೆ. ಚಿಗರಿ ಬಸ್ಸಿನಲ್ಲಿ ಧಾರವಾಡಕ್ಕೆ ಹೋಗುವಾಗ ನವನಗರದ ನಿಲ್ದಾಣ ಬಂದರೆ, ಅಲ್ಲಿಯ ಕ್ಯಾನ್ಸರ್ ಆಸ್ಪತ್ರೆಯ ನೆನಪಾಗಿ ನಾವು ಮುಖ ಆ ಕಡೆ ತಿರುಗಿಸುತ್ತಿದ್ದೆವು. ಮಾವ ಮಾತ್ರ ನೆಟ್ಟಗೆ ನೋಡುತ್ತ ಕೂತಿರುತ್ತಿದ್ದರು.

ಒಂದು ಸಂಜೆ ಮೊಮ್ಮಗಳು ನನ್ನನ್ನು ಗೇಟಿನ ಹತ್ತಿರ ಹಿಡಿದಳು. “ಮಾಮಾ, ಅಜ್ಜ ಸಾಯ್ತಾನೇನು?”

ನನಗೆ ಉತ್ತರ ಹೊಳೆಯಲಿಲ್ಲ. ಅವಳಿಗೆ ಯಾರೂ ಏನೂ ಹೇಳಿರಲಿಲ್ಲ. ಹೇಳದೇ ಇದ್ದುದರಿಂದಲೇ ಅವಳು ಎಲ್ಲವನ್ನೂ, ಇದ್ದುದಕ್ಕಿಂತ ಹೆಚ್ಚಾಗಿಯೇ, ಕಲ್ಪಿಸಿಕೊಂಡಿದ್ದಳು. “ಇನ್ನೂ ಗೊತ್ತಾಗಿಲ್ಲ. ಡಾಕ್ಟರಿಗೂ ಗೊತ್ತಾಗಿಲ್ಲ. ನೋಡಾಕತ್ತಾರ” ಎಂದೆ. ಆ ಹೊತ್ತಿನಲ್ಲಿ ಅದೇ ನಿಜವಾಗಿತ್ತು. ಆಶ್ಚರ್ಯವೆಂದರೆ, ಆ ಮಾತು ಕೇಳಿ ಅವಳಿಗೆ ಸಮಾಧಾನವಾಯಿತು.

ಕೇರೆಯನ್ನು ನಾಗರವೆಂದು ಹೊಡೆದ ಕಥೆ

ಸ್ಕ್ಯಾನ್ ನೋಡಿದ ಮೇಲೂ ಡಾಕ್ಟರಿಗೆ ಏಕೆ ಗೊತ್ತಾಗುವುದಿಲ್ಲ? ಹಳ್ಳಿಯಲ್ಲಿ ಬೆಳೆದ ಅಜ್ಜ-ಅಜ್ಜಿಯರಿಗೆ ಇದು ಬೇಗ ಅರ್ಥವಾಗುತ್ತದೆ. ಕೊಟ್ಟಿಗೆಯ ಕತ್ತಲಲ್ಲಿ ಉದ್ದನೆಯ ಹಾವು ಸರಿದರೆ ನಾವು ನೋಡುವುದು ಬಾಲದ ಕಡೆಯ ಒಂದು ಗೇಣು ಮಾತ್ರ. ನಾಗರ ಎಂದು ಕೂಗಿ ಬಡಿಗೆ ಎತ್ತುತ್ತೇವೆ. ಹೊಡೆದ ಮೇಲೆ ದೀಪ ತಂದು ನೋಡಿದರೆ ಪಾಪದ ಕೇರೆ ಹಾವು, ಇಲಿ ಹಿಡಿಯಲು ಬಂದದ್ದು. ಹಾಗೆಂದು ಎಲ್ಲ ಹಾವನ್ನೂ ಕೇರೆ ಎಂದು ಕೈಯಲ್ಲಿ ಹಿಡಿಯಲು ಹೋದವನು ಬದುಕುವುದಿಲ್ಲ. ಸ್ಕ್ಯಾನ್ ಕೂಡ ಕತ್ತಲಲ್ಲಿ ಕಂಡ ಬಾಲವೇ. ಅದು ಆಕಾರ ತೋರಿಸುತ್ತದೆ, ದಪ್ಪ ಅಳೆಯುತ್ತದೆ, ಜಾತಿಯನ್ನು ಖಚಿತವಾಗಿ ಹೇಳುವುದಿಲ್ಲ.

ಪಿತ್ತನಾಳದಲ್ಲಿ ಈ ಗೊಂದಲ ಹೆಚ್ಚು. ಕವಲಿನ ಹತ್ತಿರ ಕ್ಯಾನ್ಸರ್ ಇದೆ ಎಂದು ಭಾವಿಸಿ ದೊಡ್ಡ ಆಪರೇಷನ್ ಮಾಡಿ, ಆಮೇಲೆ ತೆಗೆದ ಭಾಗವನ್ನು ಪರೀಕ್ಷಿಸಿದಾಗ, ಸುಮಾರು ಹತ್ತರಲ್ಲಿ ಒಬ್ಬರಿಗೆ ಅಲ್ಲಿ ಕ್ಯಾನ್ಸರ್ ಇರುವುದೇ ಇಲ್ಲ. ಬೇರೆ ಬೇರೆ ದೇಶಗಳ ಶಸ್ತ್ರಚಿಕಿತ್ಸಕರು ಈ ಮಾತನ್ನು ಮತ್ತೆ ಮತ್ತೆ ಬರೆದಿದ್ದಾರೆ. ಉಳಿದ ಒಂಬತ್ತು ಜನಕ್ಕೆ ಕ್ಯಾನ್ಸರ್ ಇತ್ತು ಎಂಬುದನ್ನೂ ಮರೆಯಬಾರದು.

ಹಾಗಾದರೆ ಕ್ಯಾನ್ಸರಿನ ವೇಷ ಹಾಕಿ ಬರುವವರು ಯಾರು? ಮಾವ ಹೇಳಿದ ಮೂರು ಕಾರಣಗಳನ್ನೇ ಹಿಡಿದು ನೋಡೋಣ.

ಹೊರಗಿನಿಂದ ಒತ್ತುವವರಲ್ಲಿ ಒಂದು, ಪಿತ್ತಕೋಶದ ಕುತ್ತಿಗೆಯಲ್ಲಿ ಸಿಕ್ಕಿಬಿದ್ದ ಕಲ್ಲು. ಅದು ಪಕ್ಕದ ನಾಳವನ್ನು ಒತ್ತಿ, ಸುತ್ತ ಊತ ತಂದು, ಗಂಟಿನ ಹಾಗೆ ಕಾಣುತ್ತದೆ. ಅರ್ಜೆಂಟೀನಾದ ಪಾಬ್ಲೊ ಮಿರಿಝಿ ಎಂಬ ಶಸ್ತ್ರಚಿಕಿತ್ಸಕರು 1948ರಲ್ಲಿ ಇದನ್ನು ವಿವರಿಸಿದರು. ನಮ್ಮ ದೇಶದಲ್ಲಿ ಇನ್ನೊಂದು ಇದೆ, ಕ್ಷಯ. ಕ್ಷಯ ಎಂದರೆ ಎದೆಯ ಕಾಯಿಲೆ ಎಂದೇ ಎಲ್ಲರೂ ತಿಳಿದಿದ್ದಾರೆ. ಆದರೆ ಅದು ಹೊಟ್ಟೆಯೊಳಗಿನ ಗ್ರಂಥಿಗಳಿಗೂ ಬಂದು, ಅವು ಉಬ್ಬಿ ನಾಳವನ್ನು ಒತ್ತಬಹುದು. ಅಪರೂಪ ನಿಜ. ಆದರೆ ಗೊತ್ತಾದರೆ ಮಾತ್ರೆಯಿಂದ ಗುಣವಾಗುವ ಕಾಯಿಲೆ.

ಒಳಗೆ ಸಿಕ್ಕುವುದು ಹೆಚ್ಚಾಗಿ ಕಲ್ಲು. ಕೆಲವೊಮ್ಮೆ ಜಂತುಹುಳು ಕರುಳಿನಿಂದ ಮೇಲೇರಿ ನಾಳದೊಳಗೆ ಹೊಕ್ಕುಬಿಡುತ್ತದೆ. ಶಾಲೆಯಲ್ಲಿ ಜಂತುಹುಳುವಿನ ಮಾತ್ರೆ ಕೊಡುವಾಗ ಮುಖ ಸಿಂಡರಿಸುವವರು ಇದನ್ನು ಎರಡು ಸಲ ಓದಿ.

ಇನ್ನು ನಾಳದಲ್ಲೇ ಬೆಳೆಯುವ, ಕ್ಯಾನ್ಸರ್ ಅಲ್ಲದ ಸಣ್ಣ ಗಂಟುಗಳೂ ಇವೆ. ಅವುಗಳಲ್ಲಿ ನನಗೆ ಬಹಳ ಕುತೂಹಲ ಹುಟ್ಟಿಸಿದ್ದು ಹಮಾರ್ಟೋಮಾ. ತಾಯಿಯ ಹೊಟ್ಟೆಯಲ್ಲಿ ಮಗುವಿನ ಯಕೃತ್ತು ರೂಪುಗೊಳ್ಳುವಾಗ ಕೆಲವು ಪುಟ್ಟ ಪಿತ್ತನಾಳಗಳು ಸರಿಯಾಗಿ ಜೋಡಣೆಯಾಗದೆ ಗೊಂಚಲಾಗಿ ಉಳಿದುಬಿಡುತ್ತವೆ. ಮನೆ ಕಟ್ಟಿದ ಮೇಲೆ ಮೂಲೆಯಲ್ಲಿ ಉಳಿದ ಇಟ್ಟಿಗೆ ಚೂರುಗಳ ಹಾಗೆ. 1918ರಲ್ಲಿ ಇವನ್ನು ವಿವರಿಸಿದ ಸ್ವಿಟ್ಜರ್ಲೆಂಡಿನ ಫಾನ್ ಮೈಯೆನ್‌ಬುರ್ಗ್ ಎಂಬ ತಜ್ಞರ ಹೆಸರೇ ಇವಕ್ಕೆ ಅಂಟಿಕೊಂಡಿದೆ. ಮನುಷ್ಯನಿಗೆ ಜೀವನಪೂರ್ತಿ ಇವುಗಳಿಂದ ಏನೂ ತೊಂದರೆ ಆಗುವುದಿಲ್ಲ, ಇರುವುದೂ ಗೊತ್ತಾಗುವುದಿಲ್ಲ. ಯಾವಾಗಲೋ ಬೇರೆ ಕಾರಣಕ್ಕೆ ಹೊಟ್ಟೆ ತೆರೆದ ಸರ್ಜನ್‌ಗೆ ಯಕೃತ್ತಿನ ಮೇಲೆ ಅಲ್ಲಲ್ಲಿ ಬಿಳಿ ಚುಕ್ಕೆಗಳು ಕಾಣುತ್ತವೆ. ಎಲ್ಲಿಂದಲೋ ಕ್ಯಾನ್ಸರ್ ಹರಡಿದೆ ಎಂದು ಎದೆ ಧಸಕ್ಕೆನ್ನುತ್ತದೆ. ಚೂರು ತೆಗೆದು ನೋಡಿದರೆ ಬರೀ ಹಳೆಯ ಇಟ್ಟಿಗೆ ಚೂರು.

ಅಡಿನೋಮಾ ಎಂಬುದು ಇನ್ನೊಂದು. ಯಕೃತ್ತಿನೊಳಗಿನ ಕಿರುನಾಳಗಳಲ್ಲಿ ಬರುವ ಅಡಿನೋಮಾ ಸಾಧಾರಣವಾಗಿ ಒಂದು ಸೆಂಟಿಮೀಟರ್ ಒಳಗಿನ ಸಣ್ಣ ಗುಳ್ಳೆ, ನಿರುಪದ್ರವಿ. ಆದರೆ ದೊಡ್ಡ ನಾಳದ ಒಳಗೋಡೆಯಲ್ಲೋ, ನಾಳ ಕರುಳಿಗೆ ತೆರೆದುಕೊಳ್ಳುವ ಬಾಯಿಯಲ್ಲೋ ಬೆಳೆಯುವ ಅಡಿನೋಮಾ, ಪಾಪಿಲೋಮಾಗಳು ಬೇರೆ ಸ್ವಭಾವದವು. ಇವತ್ತು ಕ್ಯಾನ್ಸರ್ ಅಲ್ಲ, ಬಿಟ್ಟರೆ ವರ್ಷಗಳ ನಂತರ ಆಗಬಹುದು. ಹಾಗಾಗಿ ಅವನ್ನು ತೆಗೆದುಹಾಕುತ್ತಾರೆ. ನಾಳದ ಬಾಯಿಯಲ್ಲಿದ್ದರೆ ಎಷ್ಟೋ ಸಲ ಬಾಯಿಯಿಂದ ಎಂಡೋಸ್ಕೋಪ್ ಇಳಿಸಿ, ಹೊಟ್ಟೆ ಕೊಯ್ಯದೆಯೇ ತೆಗೆಯಲು ಬರುತ್ತದೆ.

ಮೂರನೆಯದು, ಮಾವ ಹೇಳಿದ ದಪ್ಪಗಾದ ಗೋಡೆ. ಹಿಂದಿನ ಆಪರೇಷನ್ನಿನ ಗಾಯದ ಕಲೆಯಿಂದಲೂ ಗೋಡೆ ದಪ್ಪವಾಗಬಹುದು. ಕ್ಯಾನ್ಸರಿನಿಂದಲೂ ಆಗಬಹುದು. ಇವೆರಡೂ ಅಲ್ಲದ ಒಂದು ಕಾಯಿಲೆಯನ್ನು ಲೋಕ ಗುರುತಿಸಿ ಬಹಳ ವರ್ಷವಾಗಿಲ್ಲ. 2001ರಲ್ಲಿ ಜಪಾನಿನ ಶಿನ್‌ಶು ವಿಶ್ವವಿದ್ಯಾಲಯದ ವೈದ್ಯರು, ಮೇದೋಜೀರಕ ಗ್ರಂಥಿ ಬಾತುಕೊಂಡ ಒಂದು ಗುಂಪಿನ ರೋಗಿಗಳ ರಕ್ತದಲ್ಲಿ ಐಜಿಜಿ-4 ಎಂಬ ಪ್ರೋಟೀನ್ ತುಂಬ ಹೆಚ್ಚಿರುವುದನ್ನು ಕಂಡರು. ನಮ್ಮನ್ನು ರೋಗಾಣುಗಳಿಂದ ಕಾಯುವ ಪ್ರತಿಕಾಯಗಳಲ್ಲಿ ಐಜಿಜಿ-4 ಒಂದು ಬಗೆ. ಈ ಕಾಯಿಲೆಯಲ್ಲಿ ದೇಹದ ಕಾವಲುಗಾರರು ದಾರಿ ತಪ್ಪಿ, ತಮ್ಮದೇ ಮನೆಯ ಗೋಡೆಯಲ್ಲಿ ಗುಂಪುಗೂಡುತ್ತಾರೆ. ಗೋಡೆ ಊದಿ, ಗಟ್ಟಿಯಾಗಿ, ಗಂಟಾಗುತ್ತದೆ. ಅದು ಪಿತ್ತನಾಳಕ್ಕೆ ಬಂದರೆ ಸ್ಕ್ಯಾನ್‌ನಲ್ಲಿ ಥೇಟ್ ಕ್ಲಾಟ್ಸ್‌ಕಿನ್ ಕ್ಯಾನ್ಸರಿನಂತೆಯೇ ಕಾಣಿಸುತ್ತದೆ. ಹೆಚ್ಚಾಗಿ ಬರುವುದು ಐವತ್ತು ದಾಟಿದ ಗಂಡಸರಲ್ಲಿ. ಒಂದೇ ಜಾಗದಲ್ಲಿ ಇರಬೇಕೆಂದೂ ಇಲ್ಲ. ಮೂತ್ರಪಿಂಡ, ಕಣ್ಣಿನ ಪಕ್ಕದ ಕಣ್ಣೀರಿನ ಗ್ರಂಥಿ, ದವಡೆಯ ಕೆಳಗಿನ ಜೊಲ್ಲಿನ ಗ್ರಂಥಿಗಳೂ ಊದಿಕೊಳ್ಳಬಹುದು.

ಡಾಕ್ಟರ ಬೆರಳು ಕಂಡದ್ದು

ನಾಳ ಕಟ್ಟಿದ್ದರಿಂದ ಮೊದಲ ಕೆಲಸ ಪಿತ್ತಕ್ಕೆ ದಾರಿ ಮಾಡುವುದು. ಬಾಯಿಯಿಂದ ಎಂಡೋಸ್ಕೋಪ್ ಇಳಿಸಿ ನಾಳದ ಬಾಯಿಯವರೆಗೆ ಹೋಗುವ ಇಆರ್‌ಸಿಪಿ ಎಂಬ ವಿಧಾನದಲ್ಲಿ, ಕಟ್ಟಿದ ಜಾಗವನ್ನು ದಾಟಿಸಿ ಸಣ್ಣ ಪ್ಲಾಸ್ಟಿಕ್ ನಳಿಕೆಯೊಂದನ್ನು ಕೂಡಿಸಿದರು. ಇದನ್ನು ಸ್ಟೆಂಟ್ ಎನ್ನುತ್ತಾರೆ. ಅದೇ ಹೊತ್ತಿಗೆ ಪುಟ್ಟ ಬ್ರಷ್‌ನಿಂದ ಗೋಡೆಯನ್ನು ಉಜ್ಜಿ ಕೆಲವು ಜೀವಕೋಶ ತೆಗೆದರು. ಎರಡು ದಿನದಲ್ಲಿ ತುರಿಕೆ ಕಡಿಮೆಯಾಗಿ ಮಾವ ರಾತ್ರಿ ನಿದ್ದೆ ಮಾಡಿದರು.

ಬ್ರಷ್‌ನ ವರದಿ ಬಂತು. ಕ್ಯಾನ್ಸರ್ ಕೋಶ ಸಿಕ್ಕಿಲ್ಲ. ನಾವೆಲ್ಲ ಕುಣಿದಾಡುವುದೊಂದು ಬಾಕಿ. ಡಾಕ್ಟರು ಮಾತ್ರ ಕೈ ಎತ್ತಿ ತಡೆದರು. ಬ್ರಷ್ ಪರೀಕ್ಷೆ, ಕ್ಯಾನ್ಸರ್ ಇದ್ದವರಲ್ಲೂ ಸುಮಾರು ಅರ್ಧದಷ್ಟು ಜನರಲ್ಲಿ ಮಾತ್ರ ಅದನ್ನು ಹಿಡಿಯುತ್ತದಂತೆ. ಸಿಕ್ಕರೆ ಇದೆ ಎಂದು ನಂಬಬಹುದು, ಸಿಗದಿದ್ದರೆ ಇಲ್ಲ ಎಂದು ನಂಬುವಂತಿಲ್ಲ. ರಕ್ತದಲ್ಲಿ ನೋಡುವ ಸಿಎ 19-9 ಎಂಬ ಗುರುತಿನದೂ ಇದೇ ಪಾಡು. ಕ್ಯಾನ್ಸರಿನಲ್ಲಿ ಏರುತ್ತದೆ, ಸುಮ್ಮನೆ ನಾಳ ಕಟ್ಟಿ ಕಾಮಾಲೆಯಾದರೂ ಏರುತ್ತದೆ. ಮಾವನದು ಮೊದಲು ಏರಿತ್ತು, ಸ್ಟೆಂಟ್ ಹಾಕಿದ ಮೇಲೆ ಇಳಿಯಿತು. ಒಳ್ಳೆಯ ಸೂಚನೆ, ಅಷ್ಟೇ.

ಆ ಭೇಟಿಯಲ್ಲಿ ಡಾಕ್ಟರು ಮಾವನ ದವಡೆಯ ಕೆಳಗೆ ಎರಡೂ ಕಡೆ ಬೆರಳು ಒತ್ತಿ ನೋಡಿದರು. “ಇವು ಯಾವಾಗಿಂದ ಬಾತಾವು?” ಯಾರಿಗೂ ಗೊತ್ತಿರಲಿಲ್ಲ. ಅತ್ತಿ, “ಅವರ ಗಲ್ಲ ಮೊದಲಿಂದ ಹಂಗ ಅದಾವ್ರಿ” ಎಂದರು. ರಜೆಯೆಂದು ಜೊತೆಗೆ ಬಂದಿದ್ದ ಮೊಮ್ಮಗಳು ಒಪ್ಪಲಿಲ್ಲ. ಅಪ್ಪನ ಫೋನ್ ಇಸಿದುಕೊಂಡು, ಎರಡು ವರ್ಷದ ಹಿಂದೆ ಸಿದ್ಧಾರೂಢ ಮಠದ ಜಾತ್ರೆಯಲ್ಲಿ ಅಜ್ಜನ ಹೆಗಲ ಮೇಲೆ ಕೂತು ತೆಗೆಸಿಕೊಂಡ ಫೋಟೋ ಹುಡುಕಿ ತೋರಿಸಿದಳು. ಫೋಟೋದಲ್ಲಿ ಅಜ್ಜನ ದವಡೆ ಸಪೂರವಾಗಿತ್ತು. ದಿನವೂ ನೋಡುವ ನಮಗೆ ಒಬ್ಬರಿಗೂ ಅದು ಕಂಡಿರಲಿಲ್ಲ.

ಡಾಕ್ಟರು ಐಜಿಜಿ-4 ಪರೀಕ್ಷೆಗೆ ರಕ್ತ ಕಳಿಸಿದರು. ಸಾಮಾನ್ಯ ಮಿತಿಗಿಂತ ನಾಲ್ಕು ಪಟ್ಟು ಇತ್ತು. ಆದರೆ ಅದೊಂದನ್ನೇ ನಂಬುವಂತಿಲ್ಲ, ಕೆಲವೊಮ್ಮೆ ಕ್ಯಾನ್ಸರಿನಲ್ಲೂ ಇದು ತಕ್ಕಮಟ್ಟಿಗೆ ಏರಿರುತ್ತದಂತೆ. ಕೊನೆಗೆ ನಂಬಬೇಕಾದದ್ದು ಸೂಕ್ಷ್ಮದರ್ಶಕದ ಕೆಳಗಿನ ಚೂರನ್ನೇ. ಎರಡನೆಯ ಸಲ ಎಂಡೋಸ್ಕೋಪ್ ಇಳಿಸಿ, ಈ ಬಾರಿ ಬ್ರಷ್ ಬದಲು ಪುಟ್ಟ ಚಿಮುಟದಿಂದ ನಾಳದ ಗೋಡೆಯ ಚೂರುಗಳನ್ನೇ ಕಿತ್ತರು. ದವಡೆಯ ಗ್ರಂಥಿಯಿಂದಲೂ ಒಂದು ಚೂರು ತೆಗೆದರು.

ಚೂರು ನೋಡಿ ಹೇಳುವ ವೈದ್ಯರಿಗೆ ಪೆಥಾಲಜಿಸ್ಟ್ ಎನ್ನುತ್ತಾರೆ. ರೋಗಿಗಳು ಅವರ ಮುಖ ನೋಡುವುದು ಕಡಿಮೆ. ವಿದ್ಯಾನಗರದ ಕಿಮ್ಸ್ ಇರಲಿ (ಹಳಬರ ಬಾಯಲ್ಲಿ ಅದು ಇವತ್ತಿಗೂ ಕೆಎಂಸಿ, 1957ರಲ್ಲಿ ಶುರುವಾದ ಕಾಲೇಜು), ಸತ್ತೂರಿನ ಎಸ್‌ಡಿಎಂ ಇರಲಿ, ಯಾವುದೇ ದೊಡ್ಡ ಆಸ್ಪತ್ರೆಯ ಒಂದು ಕೋಣೆಯಲ್ಲಿ ಇಂಥವರು ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿ ಕೂತಿರುತ್ತಾರೆ. ಇವರ ಕುಲದ ಒಂದು ಕಥೆ ಮಕ್ಕಳಿಗೆ ಹೇಳಲೇಬೇಕು. ಸುಮಾರು 120 ವರ್ಷಗಳ ಹಿಂದೆ ಚೂರಿನ ಪರೀಕ್ಷೆಗೆ ದಿನಗಟ್ಟಲೆ ಹಿಡಿಯುತ್ತಿತ್ತು. ಮೇಣದಲ್ಲಿ ಹುದುಗಿಸಿ, ಗಟ್ಟಿ ಮಾಡಿ, ತೆಳ್ಳಗೆ ಹೆರೆದು ನೋಡಬೇಕು. ಅಷ್ಟು ಹೊತ್ತು ರೋಗಿಯನ್ನು ಆಪರೇಷನ್ ಟೇಬಲ್ ಮೇಲೆ ಮಲಗಿಸಿ ಕಾಯಲಾಗುತ್ತದೆಯೇ? ಅಮೆರಿಕದ ಮೇಯೋ ಕ್ಲಿನಿಕ್‌ನ ಸರ್ಜನ್ ವಿಲಿಯಂ ಮೇಯೋ, ರೋಗಿ ಟೇಬಲ್ ಮೇಲಿರುವಾಗಲೇ ಇದು ಕ್ಯಾನ್ಸರೋ ಅಲ್ಲವೋ ಹೇಳುವ ದಾರಿ ಹುಡುಕಲು ತಮ್ಮ ಪೆಥಾಲಜಿಸ್ಟ್ ಲೂಯಿ ವಿಲ್ಸನ್ ಅವರನ್ನು ಕೇಳಿದರು. 1905ರ ಚಳಿಗಾಲ. ಹೊರಗೆ ನೀರು ಕಲ್ಲಾಗುವ ಚಳಿ. ವಿಲ್ಸನ್ ಚೂರನ್ನು ಕಿಟಕಿಯ ಹೊರಗೆ ಇಟ್ಟರು. ಅದು ಹೆಪ್ಪುಗಟ್ಟಿತು. ತೆಳ್ಳಗೆ ಹೆರೆದು, ನೀಲಿ ಬಣ್ಣದಲ್ಲಿ ಅದ್ದಿ ನೋಡಿದರು. ನಿಮಿಷಗಳಲ್ಲಿ ಉತ್ತರ! ಈಗ ಕಿಟಕಿಯ ಬದಲು ಹೆಪ್ಪುಗಟ್ಟಿಸುವ ಯಂತ್ರವಿದೆ. ಸರ್ಜನ್‌ಗಳು ಆಪರೇಷನ್ ನಡುವೆ ಚೂರು ಕಳಿಸಿ ಉತ್ತರಕ್ಕೆ ಕಾಯುವ ಪದ್ಧತಿ ಇಂದಿಗೂ ನಡೆದಿದೆ. ಯಕೃತ್ತಿನ ಮೇಲಿನ ಆ ಬಿಳಿ ಚುಕ್ಕೆಗಳನ್ನು ಕಂಡು ಗಾಬರಿಯಾದ ಸರ್ಜನ್‌ನನ್ನು ಎಷ್ಟೋ ಸಲ ಸಮಾಧಾನ ಮಾಡುವುದು ಇದೇ.

ಮಾವನ ಚೂರುಗಳಿಗೆ ಆ ಅವಸರ ಇರಲಿಲ್ಲ. ಅವು ಮೇಣದ ದಾರಿಯಲ್ಲೇ ಹೋದವು. ಒಂದು ವಾರ ಹಿಡಿಯಿತು. ಆ ವಾರ ಮನೆಯಲ್ಲಿ ಯಾರೂ ಟಿ.ವಿ. ಹಚ್ಚಲಿಲ್ಲ.

ವರದಿ ತರಲು ಹೋಗುವ ದಿನ ಬಸ್ಸಿನಲ್ಲಿ ಮಾವ ನನ್ನ ಪಕ್ಕ ಕೂತು ಮೆಲ್ಲಗೆ ಹೇಳಿದರು. “ಫೈಲ್ ಸೀರಿ ಬುಡಕ ಇಟ್ಟಿದ್ರಲ್ಲ, ಅವತ್ತ ರಾತ್ರಿನ ಓದೇನಿ. ವರ್ಕ್‌ಶಾಪಿನ್ಯಾಗ ಇಂಗ್ಲಿಷ್ ಡ್ರಾಯಿಂಗ್ ಓದ್ಕೋತ ಮುದುಕ ಆದಂವ ನಾ. ನೀವೆಲ್ಲಾ ಇಷ್ಟ ಚಂದ ಸುಳ್ಳ ಹೇಳಾಕತ್ತಿದ್ರಿ, ಯಾಕ ಕೆಡಸೂದಂತ ಸುಮ್ನಿದ್ದೆ.”

ಒಂದೂವರೆ ತಿಂಗಳು ಅವರು ಒಬ್ಬರೇ ಅದನ್ನು ಹೊತ್ತು ತಿರುಗಿದ್ದರು. ರಾತ್ರಿ ಎದ್ದು ಕೂತರೆ ಕೇಳಲು ಯಾರೂ ಇರಲಿಲ್ಲ, ಏಕೆಂದರೆ ನಾವೆಲ್ಲ ಅವರಿಗೆ ಗೊತ್ತಿಲ್ಲ ಎಂದು ಬಾಗಿಲು ಹಾಕಿಕೊಂಡು ಅಳುತ್ತಿದ್ದೆವು. ನನಗೆ ಇವತ್ತಿಗೂ ಚುಚ್ಚುವ ಮಾತು ಅದೇ.

ವರದಿಯಲ್ಲಿ ಕ್ಯಾನ್ಸರ್ ಕೋಶಗಳಿರಲಿಲ್ಲ. ಎರಡೂ ಕಡೆಯ ಚೂರುಗಳಲ್ಲಿ ಐಜಿಜಿ-4 ತಯಾರಿಸುವ ಕೋಶಗಳು ಗುಂಪು ಗುಂಪಾಗಿ ಕೂತಿದ್ದವು. ಡಾಕ್ಟರು ಸ್ಟೀರಾಯ್ಡ್ ಮಾತ್ರೆ ಶುರು ಮಾಡಿದರು. ಶುರು ಮಾಡುವ ಮೊದಲೇ ಮಾವನ ಎದುರಿಗೇ ಸ್ಪಷ್ಟವಾಗಿ ಹೇಳಿದರು: “ಈ ಗಂಟು ಐಜಿಜಿ-4 ಕಾಯಿಲೆಯದೇ ಆಗಿದ್ದರೆ ಕೆಲವು ವಾರದಲ್ಲಿ ಕರಗಬೇಕು. ಕರಗದಿದ್ದರೆ ನಾವು ತಪ್ಪು ತಿಳಿದಿದ್ದೇವೆ ಅಂತ ಅರ್ಥ. ಆಗ ಆಪರೇಷನ್ ವಿಚಾರ ತಡಮಾಡಬಾರದು.” ಇದು ಎಲ್ಲರೂ ಗಮನಿಸಬೇಕಾದ ಮಾತು. ಕ್ಯಾನ್ಸರನ್ನು ಹೊರಗಿಡದೆ, ಮರುಪರೀಕ್ಷೆಯ ದಿನ ಗೊತ್ತುಮಾಡದೆ ಸ್ಟೀರಾಯ್ಡ್ ತೆಗೆದುಕೊಂಡು ಕೂತರೆ ಅಮೂಲ್ಯವಾದ ತಿಂಗಳುಗಳು ಕಳೆದುಹೋಗುತ್ತವೆ. “ಪಕ್ಕದ ಮನೆಯವರಿಗೆ ಕ್ಯಾನ್ಸರ್ ಅಂದಿದ್ದು ಸುಳ್ಳಾಯ್ತಂತೆ” ಎಂದು ಕೇಳಿ ಆಸ್ಪತ್ರೆಯಿಂದ ದೂರ ಉಳಿಯುವವರಿಗೂ ಇದೇ ಅಪಾಯ.

ನಾಲ್ಕು ವಾರದ ಮೇಲೆ ಸ್ಕ್ಯಾನ್. ಡಾಕ್ಟರು ಹಳೆಯ ಚಿತ್ರ, ಹೊಸ ಚಿತ್ರ ಎರಡನ್ನೂ ಪರದೆಯ ಮೇಲೆ ಅಕ್ಕಪಕ್ಕ ಇಟ್ಟು ಮಾವನನ್ನೇ ಕರೆದು ಕೂಡಿಸಿದರು. ದಪ್ಪ ಗೋಡೆ ತೆಳ್ಳಗಾಗಿತ್ತು, ಕವಲು ಬಿಚ್ಚಿಕೊಂಡಿತ್ತು. ಮಾವ ಕನ್ನಡಕ ಏರಿಸಿ, ಡ್ರಾಯಿಂಗ್ ನೋಡುವ ಹಾಗೆ ಬಹಳ ಹೊತ್ತು ನೋಡಿ, “ಪೈಪ್ ಕ್ಲಿಯರ್ ಅದ ಬಿಡ್ರಿ” ಎಂದರು. ಮುಂದೆ ಕೆಲವು ವಾರಕ್ಕೆ ಸ್ಟೆಂಟನ್ನೂ ತೆಗೆದರು.

ಕಥೆ ಇಲ್ಲಿಗೆ ಮುಗಿದಿಲ್ಲ. ಈ ಕಾಯಿಲೆ ಮಾತ್ರೆ ಇಳಿಸಿದಾಗಲೋ, ನಿಲ್ಲಿಸಿದ ಮೇಲೋ ಮರಳಿ ಬರುವುದುಂಟು. ಹಾಗಾಗಿ ವರ್ಷಗಟ್ಟಲೆ ಕಣ್ಣಿಟ್ಟಿರಬೇಕು. ಸ್ಟೀರಾಯ್ಡ್‌ನಿಂದ ರಕ್ತದ ಸಕ್ಕರೆ ಏರುತ್ತದೆ, ಮೂಳೆ ಸವೆಯುತ್ತದೆ. ಮಾತ್ರೆಯನ್ನು ಡಾಕ್ಟರು ಹೇಳಿದ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಸಬೇಕೇ ಹೊರತು ಹುಷಾರಾಯಿತೆಂದು ಒಮ್ಮೆಲೇ ಬಿಡುವಂತಿಲ್ಲ. ಮಾವನಿಗೆ ಸಕ್ಕರೆ 240ಕ್ಕೆ ಏರಿತು. ಈಗ ಮನೆಯಲ್ಲಿ ಬೆರಳು ಚುಚ್ಚಿ ನೋಡುವ ಮಷಿನ್ ಬಂದಿದೆ. ಅದರ ಲೆಕ್ಕ ಬರೆಯುವ ಕೆಲಸ ಮೊಮ್ಮಗಳದು. ಗಣಿತದ ಹಳೆಯ ನೋಟ್‌ಬುಕ್ಕಿನ ಹಿಂಬದಿಯಲ್ಲಿ ಗೆರೆ ಎಳೆದು, ದಿನಾಂಕ, ಬೆಳಗಿನ ಸಕ್ಕರೆ, ಮಾತ್ರೆ ಎಷ್ಟು ಎಂದು ಮೂರು ಕಾಲಮ್ ಮಾಡಿದ್ದಾಳೆ. ನಾಲ್ಕನೆಯ ಕಾಲಮ್ಮಿಗೆ ‘ಪೇಡೆ’ ಎಂದು ಹೆಸರಿಟ್ಟಿದ್ದಾಳೆ. ಅದರಲ್ಲಿ ಬಹುಪಾಲು ಸೊನ್ನೆ. ಎರಡು ಕಡೆ ಕೆಂಪು ಮಸಿಯಲ್ಲಿ ‘ಅರ್ಧ, ಕದ್ದು ತಿಂದದ್ದು’ ಎಂದು ಬರೆದಿದೆ.

ಮುಂದಿನ ಸ್ಕ್ಯಾನ್ ದಸರಾ ರಜೆಯಲ್ಲಿ. ತಾನೂ ಬರುತ್ತೇನೆ, ಫೈಲ್ ತಾನೇ ಹಿಡಿಯುತ್ತೇನೆ ಎಂದು ಅವಳು ಈಗಲೇ ಹೇಳಿಟ್ಟಿದ್ದಾಳೆ. ಫೈಲ್ ಈಗ ಅಲಮಾರಿಯಲ್ಲಿಲ್ಲ, ಪಡಸಾಲೆಯ ಮೇಜಿನ ಮೇಲೆ, ಚೌಕಾಬಾರಾ ಹಲಗೆಯ ಪಕ್ಕದಲ್ಲೇ ಇರುತ್ತದೆ.